ಎಪ್ಪತ್ತು ದಾಟಿದ ಮ್ಯಾಲ ಗಾಡಿ ಯಾಕ ಅಲ್ಲಾಡತೈತಿ?

ಘಟಪ್ರಭಾದಿಂದ ಮಾತಾಡಾಕತ್ತೇನಿ. ಕುಂತು ಕೇಳಾಕತ್ತವ್ರು ಆರಾಮಾಗಿ ಕೇಳ್ರಿ. ಗಾಡಿ ಹೊಡಕೋತ ಕೇಳಾಕತ್ತಿದ್ರ ಮಾತ್ರ ಇಲ್ಲೇ ಬಂದ್ ಮಾಡಿ, ಮನಿ ಮುಟ್ಟಿದ ಮ್ಯಾಲ ಕೇಳ್ರಿ. ಇವತ್ತಿನ ವಿಷಯಾನೇ ಗಾಡಿ.

ಹುಕ್ಕೇರಿ ತಾಲೂಕಿನ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದ. ಅವನ ಮಾತು ಹಿಂಗಿತ್ತು: "ಅಣ್ಣಾ, ನಂದು 125 ಸಿಸಿ ಗಾಡಿ. ಸಂಕೇಶ್ವರದಾಗ ಹೈವೇ ಹತ್ತಿ ಬೆಳಗಾವಿಗೆ ಹೊಂಟ್ರ, 70 ದಾಟಿದ ಕೂಡ್ಲೇ ಅಲ್ಲಾಡತೈತಿ. ಒಬ್ಬ ಮೆಕ್ಯಾನಿಕ್ ಕೋನ್ ಸೆಟ್ ಹೋಗೇತಿ ಅಂದ, ಹಾಕಿಸ್ದೆ. ಇನ್ನೊಬ್ಬ ಮುಂದಿನ ಟಾಯರ್ ಅಂದ, ಅದನ್ನೂ ಹಾಕಿಸ್ದೆ. ಇನ್ನೂ ಅಲ್ಲಾಡತೈತಿ. ಈಗ ಏನ ಬದಲಿ ಮಾಡ್ಲಿ?"

ನಾ ಹೇಳಿದ್ದು ಇಷ್ಟ: ತಮ್ಮಾ, ಸದ್ಯಕ್ಕ ಏನೂ ಬದಲಿ ಮಾಡಬ್ಯಾಡ. ಒಂದು ವಾರ ಬರೀ ಬರದಿಡು.

ಯಾಕ ಹಂಗಂದೆ ಅಂತ ಹೇಳ್ತೀನಿ. ನಾನು ಓದಿದ್ದು ಬಿ.ಕಾಂ., ಸ್ಪ್ಯಾನರ್ ಹಿಡಿದು ದುಡಿದಾಂವ ಅಲ್ಲ. ಆದ್ರ ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದಾಗ ಏನು ಮಾಡಬೇಕು ಅನ್ನೂದನ್ನ ನಮ್ಮ ಮಾಸ್ತರ್ರು ಚಲೋತ್ನಂಗ ಕಲಿಸಿದ್ರು. ಸಿಕ್ಕ ಸಿಕ್ಕ ಎಂಟ್ರಿ ತಿದ್ದಬಾರದು. ಮೊದಲು ಫರಕು ಎಷ್ಟು ಅಂತ ನೋಡಬೇಕು. ಫರಕು ಒಂಬತ್ತರಿಂದ ಭಾಗ ಹೋದರೆ ಅಂಕಿ ಅದಲು ಬದಲಾಗಿರಬಹುದು. ಎರಡರಿಂದ ಭಾಗ ಹೋದರೆ ಒಂದು ಮೊತ್ತ ತಪ್ಪು ಬದಿಗೆ ಕುಂತಿರಬಹುದು. ಅಂದ್ರ ತಪ್ಪು ತನ್ನ ಗುರ್ತು ತಾನ ಬಿಟ್ಟಿರತೈತಿ. ಗಾಡಿ ಅಲ್ಲಾಡೂದೂ ಹಂಗೇ. "ಅಲ್ಲಾಡತೈತಿ" ಅನ್ನೋ ಒಂದ ಪದದಿಂದ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯೂದಿಲ್ಲ. ಹೆಂಗ ಅಲ್ಲಾಡತೈತಿ, ಯಾವಾಗ, ಏನು ಹೇರಿದಾಗ? ಅದನ್ನ ಹೇಳಿದ್ರ ಅರ್ಧ ಕೆಲಸ ಮುಗೀತು.

ಹೆಂಗ ಅಲ್ಲಾಡತೈತಿ ಅನ್ನೂದರಾಗ ಮುಖ್ಯವಾಗಿ ಎರಡು ಥರ ಅದಾವು. 1971ರಲ್ಲಿ ರಾಬಿನ್ ಶಾರ್ಪ್ ಅನ್ನೋ ಇಂಗ್ಲೆಂಡಿನ ಎಂಜಿನಿಯರ್ ಮೋಟರ್‌ಸೈಕಲ್ ಸ್ಥಿರತೆಯ ಬಗ್ಗೆ ಒಂದು ಪ್ರಬಂಧ ಬರೆದರು. ಗಾಡಿ ಹೆಂಗ ಹೆಂಗ ಹದ ತಪ್ಪುತ್ತದೆ ಅಂತ ಅವರು ಲೆಕ್ಕ ಹಾಕಿ ತೋರಿಸಿದ್ದರು. ಅದರಲ್ಲಿ ನಮಗೆ ಬೇಕಾದವು ಎರಡು ಹೆಸರು: ವಾಬಲ್ ಮತ್ತು ವೀವ್.

ವಾಬಲ್ ಅಂದ್ರ ಹ್ಯಾಂಡಲ್ ರೋಗ. ಆಸ್ಪತ್ರಿಯೊಳಗ ಸ್ಟ್ರೆಚರ್ ಜೋರಾಗಿ ನೂಕಿದಾಗ ಒಂದು ಗಾಲಿ ಪಟಪಟ ಅಂತ ಎಡಕ್ಕ ಬಲಕ್ಕ ಹೊಡಕೊಳ್ಳೂದು ನೋಡೀರಲ್ಲ? ಅದೇ ಇದು. ಗಾಡಿಯ ಮೈ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಹ್ಯಾಂಡಲ್ ಮಾತ್ರ ಸೆಕೆಂಡಿಗೆ ನಾಲ್ಕರಿಂದ ಹತ್ತು ಸಲ ಅಲ್ಲಾಡುತ್ತದೆ. ಎಣಿಸಲಾರದಷ್ಟು ಫಾಸ್ಟ್. ಇದು ಬಾಳ ಸ್ಪೀಡ್ ಇದ್ದಾಗಷ್ಟ ಬರತೈತಿ ಅಂತ ತಿಳಕೋಬ್ಯಾಡ್ರಿ. 50ರಿಂದ 80ರ ನಡುವೆ, ಅದರಾಗೂ ಆಕ್ಸಿಲರೇಟರ್ ಬಿಟ್ಟು ಗಾಡಿ ತಾನ ನಿಧಾನ ಆಗುವಾಗ ಕಾಣಿಸಿಕೊಳ್ಳೂದು ಜಾಸ್ತಿ. ಕಾರಣ ಸರಳ ಐತಿ. ನಮ್ಮ ಸಾದಾ ಗಾಡಿಯ ಗಾಲಿ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗುತ್ತದೆ. 50ರ ವೇಗದಲ್ಲಿ ಸೆಕೆಂಡಿಗೆ ಏಳು ಸುತ್ತು ಆಯಿತು. ಹ್ಯಾಂಡಲ್ಲಿನ ಸ್ವಂತ ತಾಳವೂ ಅದರ ಹತ್ತಿರವೇ ಇದೆ. ಗಾಲಿಯಲ್ಲಿ ಸಣ್ಣ ಡೊಂಕು ಇದ್ದರೂ ತಾಳಕ್ಕ ತಾಳ ಕೂಡಿ ಅಲುಗಾಟ ದೊಡ್ಡದಾಗುತ್ತದೆ. ಜೋಕಾಲಿಗೆ ಸರಿಯಾದ ಹೊತ್ತಿಗೆ ಒಂದೊಂದು ಸಣ್ಣ ನೂಕು ಕೊಟ್ಟಂಗ.

ವೀವ್ ಅಂದ್ರ ಸೊಂಟದ ರೋಗ. ಇದಕ್ಕ ಉದಾಹರಣೆ ದೂರ ಹುಡುಕಬೇಕಾಗಿಲ್ಲ. ಕಬ್ಬಿನ ಸೀಜನ್ನಿನಾಗ ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿ ಕಾರ್ಖಾನಿಗೆ ಹೊಂಟಿರತಾರಲ್ಲ, ಇಳಿಜಾರಿನಾಗ ಹಿಂದಿನ ಟ್ರೇಲರ್ ಹಾವಿನಂಗ ಆ ಕಡೆ ಈ ಕಡೆ ಹೊಯ್ದಾಡತೈತಿ. ಹಂಗೇ ಇಡೀ ಗಾಡಿ, ಹಿಂಭಾಗದಿಂದ, ನಿಧಾನವಾಗಿ ತೂಗುತ್ತದೆ. ಸೆಕೆಂಡಿಗೆ ಎರಡು, ಮೂರು ಸಲ, ಎಣಿಸಬಹುದು. ವೇಗ ಏರಿದಂಗ ಇದು ಏರುತ್ತದೆ. ಹಿಂದ ಭಾರ ಇದ್ದರ ಇನ್ನೂ ಲಗೂನ ಬರುತ್ತದೆ.

ಇವೆರಡೂ ಅಲ್ಲದ ಮೂರನೇದೊಂದು ಐತಿ. ಅದು ಬರೇ ನಡುಕ, ಕೈಗೆ ಝುಮ್ ಅನ್ನೂದು. ಅದನ್ನ ಗುರ್ತಿಸಾಕ ಒಂದು ಉಪಾಯ: ಅದೇ ವೇಗದಲ್ಲಿ ಒಂದು ಗೇರ್ ಬದಲಿಸಿ ನೋಡ್ರಿ. ನಡುಕ ಬದಲಾದ್ರ ಅದು ಎಂಜಿನ್ನಿಂದು. ಬದಲಾಗದಿದ್ದರ ಗಾಲಿ ಅಥವಾ ಚಾಸಿ ಕಡೆ ನೋಡಬೇಕು.

ಈಗ ಆ ತಮ್ಮನ ಗಾಡಿಗೆ ಬರೂಣು. ನಾ ಅವನಿಗೆ ಐದು ಪ್ರಶ್ನೆ ಕೊಟ್ಟಿದ್ದೆ. ಹ್ಯಾಂಡಲ್ ಅಲ್ಲಾಡತೈತೋ, ಸೀಟಿನ ಕೆಳಗ ತೂಗತೈತೋ? ಯಾವ ವೇಗಕ್ಕ ಶುರು, ಯಾವ ವೇಗಕ್ಕ ಬಂದ್? ಆಕ್ಸಿಲರೇಟರ್ ಕೊಟ್ಟಾಗೋ, ಬಿಟ್ಟಾಗೋ? ಹಿಂದ ಯಾರರೆ ಕುಂತಿದ್ರೋ, ಸಾಮಾನು ಇತ್ತೋ? ಇದು ಶುರುವಾಗೂಕಿಂತ ಮುಂಚೆ ಗಾಡಿಗೆ ಏನು ಮಾಡಿಸಿದ್ದಿ? ಪಂಕ್ಚರ್, ಚೈನ್, ಹೊಸಾ ಕ್ಯಾರಿಯರ್, ಏನಿದ್ರೂ. ಗಾಡಿ ನಿಲ್ಲಿಸಿದ ಮ್ಯಾಲ ಮೊಬೈಲಿನಾಗ ಎರಡು ಸಾಲು ಬರಿ ಅಂದೆ.

ಒಂದು ವಾರ ಆದ ಮ್ಯಾಲ ಅವನ ಉತ್ತರ ಬಂತು. ತೂಗೂದು ಸೀಟಿನ ಕೆಳಗ. ನಿಧಾನ, ಎಣಿಸಬಹುದು. ಬೆಳಗಾವಿಗೆ ಹೋಗುವಾಗಷ್ಟ ಬರತೈತಿ, ವಾಪಸ್ ಬರುವಾಗ ಇಲ್ಲ. ಮತ್ತ ಆ ಹುಡುಗ ಬೆಳಗಾವಿಯ ಅಂಗಡಿಗಳಿಗೆ ಸಂಕೇಶ್ವರ ಮೆಣಸಿನಕಾಯಿಯ ಖಾರಪುಡಿ ಮುಟ್ಟಸ್ತಾನ. ಹೋಗುವಾಗ ಕ್ಯಾರಿಯರ್ ಮ್ಯಾಲ ಸುಮಾರು ಮೂವತ್ತು ಕಿಲೋ, ಬರುವಾಗ ಖಾಲಿ. ಕ್ಯಾರಿಯರ್ ಹಾಕಿಸಿದ್ದು ನಾಕು ತಿಂಗಳ ಹಿಂದ.

ಉತ್ತರ ಕಣ್ಣ ಮುಂದ ಇದ್ದಂಗ ಐತಲ್ಲ? ತಡೀರಿ. ಹೋಗುವಾಗಷ್ಟ ಬರೂದಕ್ಕ ಇನ್ನೊಂದು ಕಾರಣ ಇರಬಹುದು, ಅದು ಗಾಳಿ. ಸಂಕೇಶ್ವರದಿಂದ ಬೆಳಗಾವಿಗೆ ಎನ್‌ಎಚ್ 48 ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ ಹೋಗುತ್ತದೆ. ಮಳೆಗಾಲದ ಗಾಳಿ ಪಶ್ಚಿಮದಿಂದ ಬರುತ್ತದೆ. ಹೋಗುವಾಗ ಬಲಗಡೆಯಿಂದ ಹೊಡೆದದ್ದು ಬರುವಾಗ ಎಡಗಡೆಯಿಂದ ಹೊಡೆಯುತ್ತದೆ. ಗಾಳಿ ಗಾಡಿಯನ್ನ ಒಂದ ಕಡೆಗೆ ನೂಕತೈತಿ, ದೊಡ್ಡ ಲಾರಿ ದಾಟಿದಾಗ ಒಂದು ಎಳೆತ ಕೊಟ್ಟು ಬಿಡತೈತಿ. ತಾಳ ಹಿಡಿದು ತೂಗಸೂದಿಲ್ಲ. ರಸ್ತೆ ಕೆರೆದು ಬಿಟ್ಟ ಕಡೆ ಉದ್ದಕ್ಕ ಗೀರು ಇದ್ದರೂ ಗಾಡಿ ಹರಿದಾಡಿದಂಗ ಅನ್ನಿಸತೈತಿ, ಗೀರು ಮುಗಿದ ಕೂಡ್ಲೇ ನಿಂತು ಹೋಗತೈತಿ. ಅದಕ್ಕ ನಾ ಅವನಿಗೆ ಹೇಳಿದ್ದು: ಒಂದಿನ ಖಾಲಿ ಗಾಡಿ ತಗೊಂಡು ಅದೇ ದಿಕ್ಕಿಗೆ, ಅದೇ ರಸ್ತಾಕ್ಕ, ಅದೇ ವೇಗದಾಗ ಹೋಗು. ಹೋದ. ಅಲ್ಲಾಡಲಿಲ್ಲ. ಅಂದ್ರ ಗಾಳಿ ಅಲ್ಲ, ರಸ್ತೆ ಅಲ್ಲ, ಭಾರ.

ಭಾರ ಎಷ್ಟು ಅನ್ನೂದಕ್ಕಿಂತ ಎಲ್ಲಿ ಅನ್ನೂದು ಮುಖ್ಯ. ಹಿಂದಿನ ಗಾಲಿಯ ಆಕ್ಸಲ್‌ಗಿಂತ ಹಿಂದ, ಎತ್ತರದಾಗ ಭಾರ ಇಟ್ಟರ ಎರಡು ಆಗ್ತಾವು. ಮುಂದಿನ ಗಾಲಿ ಹಗುರ ಆಗತೈತಿ. ಹಿಂದಿನ ಭಾರ ಗಡಿಯಾರದ ಲೋಲಕದಂಗ ಗಾಡಿಯನ್ನ ತೂಗತೈತಿ. ಹಾಲಿನ ಕ್ಯಾನ್ ಕಟ್ಟಾವ್ರು, ದೊಡ್ಡ ಡೆಲಿವರಿ ಬ್ಯಾಗ್ ಹಾಕ್ಕೊಳ್ಳಾವ್ರು, ಟೂರ್‌ಗೆ ಅಂತ ಹಿಂದ ಡಬ್ಬಿ ಕೂಡ್ರಿಸಾವ್ರು, ಎಲ್ಲಾರೂ ಇದನ್ನ ತಲೀಯೊಳಗ ಇಟ್ಕೋರಿ.

ಅವನು ಚೀಲ ಎರಡು ಮಾಡಿ ಸೀಟಿನ ಮ್ಯಾಲ, ಬೆನ್ನಿಗೆ ಹತ್ತಿ ಕಟ್ಟಿದ. ಹಿಂದಿನ ಗಾಲಿಗೆ ಕಂಪನಿ ಸ್ಟಿಕ್ಕರ್‌ನಾಗ ಇಬ್ಬರಿಗೆ ಅಂತ ಬರದಷ್ಟು ಹವಾ ಹಾಕಿಸಿದ. ತೂಗೂದು ಮುಕ್ಕಾಲು ಪಾಲು ಹೋತು. ಉಳಿದದ್ದಕ್ಕ ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ಹಿಡಿದು ಎಡಕ್ಕ ಬಲಕ್ಕ ಅಲ್ಲಾಡಿಸಿದ್ರ, ಗಾಲಿ ಜೊತಿ ಸ್ವಿಂಗ್ ಆರ್ಮ್ ಕೂಡ ಆಡತಿತ್ತು. ಬುಷ್ ಸವದಿತ್ತು. ಅಂದ್ರ ರೋಗ ಪೂರಾ ಹಿಂದ ಇತ್ತು; ಎರಡು ಸಲ ರೊಕ್ಕ ಹೋದದ್ದು ಮುಂದಿನ ಸಾಮಾನಿಗೆ.

ಇದರಾಗ ಮೆಕ್ಯಾನಿಕ್‌ಗಳನ್ನ ಬೈಯೂದು ಬ್ಯಾಡ. ಪ್ಯಾಟಿ ಓಣಿಯಾಗಿನ ಗ್ಯಾರೇಜ್‌ದಾಂವ ನಿಮ್ಮ ಗಾಡಿ ಮ್ಯಾಲ ಮೂವತ್ತು ಕಿಲೋ ಹೇರಿ 70ಕ್ಕ ಓಡಿಸಿ ನೋಡೂದು ಎಲ್ಲಿಂದ ಬಂತು? ಹ್ಯಾಂಡಲ್ ಅಲ್ಲಾಡತೈತಿ ಅಂದ್ರ ಅಂವಾ ಹ್ಯಾಂಡಲ್ ನೋಡತಾನ. ಹೈವೇದಾಗ ಗಾಡಿ ಏನು ಮಾಡತೈತಿ ಅನ್ನೂದು ಗೊತ್ತಿರಾಂವ ನೀವೊಬ್ಬರ.

ಈಗ ಕ್ರಮವಾಗಿ ಏನು ನೋಡಬೇಕು ಅಂತ ಹೇಳ್ತೀನಿ. ಫುಕ್ಕಟೆ ಆಗೂದು ಮೊದಲು, ರೊಕ್ಕ ಬೇಕಾಗೂದು ಆಮ್ಯಾಲ.

ಒಂದು, ಹವಾ. ಬೆಳಿಗ್ಗೆ ಗಾಡಿ ತಣ್ಣಗ ಇದ್ದಾಗ ನೋಡಬೇಕು. ಎಷ್ಟು ಅನ್ನೂದು ಚೈನ್ ಕವರ್ ಮ್ಯಾಲ ಅಥವಾ ಸ್ವಿಂಗ್ ಆರ್ಮ್ ಮ್ಯಾಲ ಸ್ಟಿಕ್ಕರ್‌ನಾಗ ಇರತೈತಿ, ಇಲ್ಲಾಂದ್ರ ಗಾಡಿ ಪುಸ್ತಕದಾಗ. ಒಬ್ಬರಿಗೆ ಬ್ಯಾರೆ, ಇಬ್ಬರಿಗೆ ಬ್ಯಾರೆ. "ಎರಡೂ ಗಾಲಿಗೆ ಸರಿಯಾಗಿ ಹೊಡಿಯಪ್ಪಾ" ಅಂದ್ರ ಆಗೂದಿಲ್ಲ, ಅಂಕಿ ಹೇಳಬೇಕು.

ಎರಡು, ಭಾರ. ಕ್ಯಾರಿಯರ್, ಡಬ್ಬಿ, ಮುಂದಿನ ದೊಡ್ಡ ಗ್ಲಾಸ್ ಎಲ್ಲಾ ತಗದು ಒಂದು ಸಲ ಓಡಿಸಿ ನೋಡ್ರಿ. ಹ್ಯಾಂಡಲ್‌ಗೆ ಕೂಡ್ರಿಸಿದ ಗ್ಲಾಸ್ ಗಾಳಿ ಹಿಡಿದು ಹ್ಯಾಂಡಲ್ಲನ್ನೇ ಎಳೀತೈತಿ.

ಮೂರು, ಟಾಯರ್. ನಡುವೆ ಸವೆದು ಚಪ್ಪಟ ಆಗೇತೇನು? ಸುತ್ತಿನ ಹಳ್ಳದಾಗ ಸವೆತದ ಗುರ್ತು ಇರತಾವು, ರಬ್ಬರ್ ಅದರ ಮಟ್ಟಕ್ಕ ಬಂದಿದ್ರ ಟಾಯರ್ ಮುಗೀತು. ಬದಿಗೆ ನಾಕು ಅಂಕಿ ನೋಡ್ರಿ. 2321 ಅಂತ ಇದ್ದರ 2021ರ 23ನೇ ವಾರ ತಯಾರಾದದ್ದು. ಬಾಣದ ಗುರ್ತು ಇದ್ದರ ಗಾಲಿ ತಿರುಗೋ ದಿಕ್ಕಿಗೇ ಇರಬೇಕು. ಟಾಯರ್ ಬದಿಗೆ ರಿಮ್ ಹತ್ರ ಒಂದು ಸಣ್ಣ ಗೆರಿ ಇರತೈತಿ. ಅದು ಸುತ್ತಲೂ ರಿಮ್ಮಿನಿಂದ ಒಂದ ಅಂತರದಾಗ ಇರಬೇಕು. ಒಂದು ಕಡೆ ಒಳಗ ಹೋಗಿದ್ರ ಪಂಕ್ಚರ್ ಮಾಡಿದ ಮ್ಯಾಲ ಟಾಯರ್ ಸರಿಯಾಗಿ ಕುಂತಿಲ್ಲ.

ನಾಲ್ಕು, ಗಾಲಿ. ಸ್ಟ್ಯಾಂಡ್ ಹಾಕಿ ಗಾಲಿ ತಿರುಗಿಸಿ, ರಿಮ್ ಹತ್ರ ಒಂದು ಪೆನ್ಸಿಲ್ ಅಲ್ಲಾಡದಂಗ ಹಿಡೀರಿ. ಸಂದು ಹೆಚ್ಚುಕಡಿಮೆ ಆಗತಿದ್ರ ರಿಮ್ ಬೆಂಡ್. ತಂತಿ ಗಾಲಿ ಇದ್ದರ ಸ್ಪ್ಯಾನರ್‌ಲೆ ಒಂದೊಂದ ಸ್ಪೋಕ್ ಮೆಲ್ಲಗ ಬಡದು ನೋಡ್ರಿ. ಬಿಗಿ ಇದ್ದದ್ದು ಟಿಣ್ ಅನ್ನತೈತಿ, ಸಡಿಲಾದದ್ದು ಮಬ್ಬ ದನಿ ಕೊಡತೈತಿ. ಆಮ್ಯಾಲ ಗಾಲಿ ಹಿಡಿದು ಬದಿಗೆ ನೂಕ್ರಿ. ಗಾಲಿ ಒಂದ ಆಡಿದ್ರ ಬೇರಿಂಗ್, ಸ್ವಿಂಗ್ ಆರ್ಮ್ ಕೂಡಿ ಆಡಿದ್ರ ಬುಷ್.

ಐದು, ಹಿಂದಿನ ಗಾಲಿ ನೆಟ್ಟಗ ಐತೋ ಇಲ್ಲೋ. ಚೈನ್ ಬಿಗಿ ಮಾಡೂ ಕಡೆ ಎರಡೂ ಬದಿಗೆ ಗೀಟು ಇರತಾವು, ಎರಡೂ ಒಂದ ಗೀಟಿಗೆ ಇರಬೇಕು. ಪಂಕ್ಚರ್‌ಗೆ ಗಾಲಿ ಬಿಚ್ಚಿ ಹಾಕಿದ ಮ್ಯಾಲ ಇದು ತಪ್ಪೂದು ಜಾಸ್ತಿ. ಗೀಟಿನ ಮ್ಯಾಲ ನಂಬಿಕಿ ಇಲ್ಲಂದ್ರ, ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಎರಡೂ ಬದಿಗೆ ದಾರ ಎಳೆದು ನೋಡ್ರಿ.

ಆರು, ಕೋನ್ ಸೆಟ್. ಒಬ್ಬರು ಹಿಂದ ಒತ್ತಿ ಮುಂದಿನ ಗಾಲಿ ಎತ್ತಬೇಕು. ನೀವು ಫೋರ್ಕಿನ ತಳ ಹಿಡಿದು ಹಿಂದ ಮುಂದ ಎಳೀರಿ. ಟಕ್ ಅಂದ್ರ ಸಡಿಲ. ಆಮ್ಯಾಲ ಹ್ಯಾಂಡಲ್ ನಿಧಾನ ತಿರುಗಿಸ್ರಿ. ನಟ್ಟ ನಡುವೆ ಒಂದು ಕಚ್ಚಿನಾಗ ಕುಂತಂಗ ಆದ್ರ ಸವದೇತಿ ಅಂತ ಅರ್ಥ. ಬಾಳ ಬಿಗಿ ಮಾಡಿದ್ರೂ ತ್ರಾಸ ಐತಿ. ಆಗ ಗಾಡಿ ನೆಟ್ಟಗ ಹೋಗೂದಿಲ್ಲ, ಕುಡುದಾವ್ರಂಗ ಆ ಕಡೆ ಈ ಕಡೆ ಅಲೀತೈತಿ.

ಏಳು, ಶಾಕಾಬ್ಸರ್. ಎಣ್ಣಿ ಸೋರತೈತೇನು? ಸೀಟು ಒತ್ತಿ ಬಿಟ್ಟರ ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದ್ರ ಅದರ ಹಿಡಿತ ಹೋಗೇತಿ.

ಇಷ್ಟರಾಗ ಏನ ಸರಿ ಮಾಡಿದ್ರೂ ಒಂದು ಸಲಕ್ಕ ಒಂದ ಮಾಡ್ರಿ, ಓಡಿಸಿ ನೋಡ್ರಿ, ಬರೀರಿ. ಮೂರು ಸಾಮಾನು ಒಮ್ಮೆಲೆ ಬದಲಿಸಿದ್ರ ಗಾಡಿ ಸರಿ ಆದ್ರೂ ಯಾವುದರಿಂದ ಆತು ಅಂತ ಗೊತ್ತಾಗೂದಿಲ್ಲ, ಮುಂದಿನ ಸಲ ಮತ್ತ ಮೂರಕ್ಕೂ ಬಿಲ್ಲು. ಕೆಲವರು ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಿಬಿಡ್ರಿ ಅಂತಾರ. ರೇಸ್ ಗಾಡಿಗೆ ಅದು ಬೇಕು. ನಮ್ಮ ಗಾಡಿಗೆ ಅದು ಜ್ವರದ ಗುಳಿಗಿ ಇದ್ದಂಗ. ಜ್ವರ ಇಳೀತೈತಿ, ರೋಗ ಒಳಗ ಉಳೀತೈತಿ.

ಓಡಿಸಿ ನೋಡ್ರಿ ಅಂದ್ರ 100ಕ್ಕ ಎಳದು ನೋಡ್ರಿ ಅಂತ ಅಲ್ಲ. 2018ರ ಏಪ್ರಿಲ್ ಅಧಿಸೂಚನೆಯ ಪ್ರಕಾರ ನಾಲ್ಕು ಲೇನಿನ ಹೈವೇದಲ್ಲಿ ಬೈಕಿಗೆ ಇರುವ ಗರಿಷ್ಠ ಮಿತಿಯೇ 80. ಅಲುಗಾಟ ಶುರುವಾಗೋ ವೇಗ ಗೊತ್ತಾದ್ರ ಸಾಕು, ಅಲ್ಲೇ ನಿಲ್ಲಿಸ್ರಿ. ಹ್ಯಾಂಡಲ್ ಬಿಟ್ಟು ನೋಡೂದಂತೂ ಬ್ಯಾಡೇ ಬ್ಯಾಡ.

ಓಡುವಾಗಲೇ ಜೋರಾಗಿ ಅಲ್ಲಾಡಾಕ ಹತ್ತಿದ್ರ ಏನು ಮಾಡಬೇಕು? ಇದನ್ನ ಎರಡು ಸಲ ಕೇಳ್ರಿ. ಅಂಜಿಕಿಗೆ ನಮ್ಮ ಕೈ ಬಿಗಿಯಾಗತಾವು, ಕಾಲು ಬ್ರೇಕ್ ಹುಡುಕತೈತಿ. ಎರಡೂ ತಪ್ಪು. ಹ್ಯಾಂಡಲ್ ಗಟ್ಟಿಯಾಗಿ ಹಿಡೀರಿ, ಆದ್ರ ಅದರ ಜೊತಿ ಜಗಳಾಡಬ್ಯಾಡ್ರಿ. ತೋಳು ಸೆಟೆದು ನಿಂತರೆ ಹ್ಯಾಂಡಲ್ಲಿನ ಅಲುಗಾಟ ನಿಮ್ಮ ಮೈಗೆ, ನಿಮ್ಮ ಮೈಯಿಂದ ಮತ್ತೆ ಹ್ಯಾಂಡಲ್‌ಗೆ ಹೋಗುತ್ತದೆ. ಎರಡೂ ಮೊಣಕಾಲಿಂದ ಟ್ಯಾಂಕ್ ಅವುಚಿ ಹಿಡೀರಿ. ಎದಿ ಸ್ವಲ್ಪ ಮುಂದಕ್ಕ, ಕೆಳಕ್ಕ ಬಾಗಿಸ್ರಿ, ಮುಂದಿನ ಗಾಲಿ ಮ್ಯಾಲ ಭಾರ ಬೀಳಲಿ. ಆಕ್ಸಿಲರೇಟರ್ ಒಮ್ಮೆಲೆ ಬಿಡದೆ ಮೆಲ್ಲಗೆ ಇಳಿಸ್ರಿ. ಬ್ರೇಕ್ ಮುಟ್ಟಬ್ಯಾಡ್ರಿ. ಎಬಿಎಸ್ ಇದ್ದರೂ ಅದು ಗಾಲಿ ಲಾಕ್ ಆಗೂದನ್ನ ತಡೀತೈತಿ, ಅಲುಗಾಟ ತಡಿಯೂದಿಲ್ಲ. 80ರಾಗ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗತೈತಿ. ಅದಕ್ಕ ಆ ಹೊತ್ತಿನಾಗ ವಿಚಾರ ಮಾಡಾಕ ಪುರಸತ್ತು ಇರೂದಿಲ್ಲ, ಮೊದಲ ತಲೀಯೊಳಗ ಕುಂತಿರಬೇಕು. ಹಿಂದ ಕೂಡ್ರಾವ್ರಿಗೂ ಹೇಳಿಡ್ರಿ: ಗಾಡಿ ಅಲ್ಲಾಡಿದ್ರ ಕೆಳಗ ಇಣುಕಬ್ಯಾಡ, ಹೊಳ್ಳಬ್ಯಾಡ, ಸುಮ್ಮನ ಅಂಟಿಕೊಂಡು ಕೂಡ್ರು.

ಹೆಲ್ಮೆಟ್ ಬಗ್ಗೆ ಒಂದ ಮಾತು. ಐಎಸ್‌ಐ ಗುರ್ತಿಂದು, ಪಟ್ಟಿ ಹಾಕಿದ್ದು, ಇಬ್ಬರಿಗೂ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ನಿಮಗಿಂತ ಮುಂಚೆ ಹಾರಿ ಹೋಗತೈತಿ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರು ಶೇ. 44.5. ಅದೇ ವರದಿಯಲ್ಲಿ ಸಾವಿನ ಕಾರಣಗಳ ಪೈಕಿ ಎಲ್ಲಕ್ಕಿಂತ ದೊಡ್ಡದು ಅತಿವೇಗ. ಅದು ಖರೇನೂ ಹೌದು. ಆದ್ರ ಊರಾಗ ಯಾವನರೆ ಬಿದ್ದಾಗ "ಸ್ಪೀಡ್ ಹೊಡೀತಿದ್ದ" ಅನ್ನೂದರಾಗ ಮಾತು ಮುಗಿದು ಹೋಗತೈತಿ. ಹವಾ ಎಷ್ಟಿತ್ತು, ಬುಷ್ ಹೆಂಗಿತ್ತು, ಹಿಂದ ಎಷ್ಟು ಕಟ್ಟಿದ್ದ, ಯಾರೂ ಕೇಳೂದಿಲ್ಲ. ಹೈವೇಕ್ಕ ಹೋಗಾವ್ರು ಎಲ್ಲಾರೂ ಮಜಾಕ್ಕ ಹೋಗೂದಿಲ್ಲ. ವಂಟಮೂರಿ ಘಾಟ್ ದಿನಾ ಇಳಿದು ಹತ್ತಿ ಬೆಳಗಾವಿ ಕಾರ್ಖಾನಿಗೆ ಶಿಫ್ಟ್‌ಗೆ ಹೋಗಾವ್ರು ಅದಾರ, ಅವ್ವನ್ನ ಹಿಂದ ಕೂಡ್ರಿಸಿಕೊಂಡು ದವಾಖಾನಿಗೆ ಹೋಗಾವ್ರು ಅದಾರ. ನಿಧಾನ ಹೋಗು ಅನ್ನೂದು ಅವರಿಗೆ ಅರ್ಧ ಉತ್ತರ ಅಷ್ಟ. ಅಲ್ಲಾಡೋ ಗಾಡಿ ಸರಿ ಆಗೂತನಕ 50 ದಾಟಿಸಬ್ಯಾಡ್ರಿ, ಹೈವೇ ಹತ್ತಿಸಬ್ಯಾಡ್ರಿ, ಹಿಂದ ಯಾರನ್ನೂ ಕೂಡ್ರಿಸಬ್ಯಾಡ್ರಿ. ಒಂದು ವಾರ ಬಸ್ಸಿಗೆ ಹೋದ್ರ ಆಗೂ ಖರ್ಚು ಲೆಕ್ಕ ಹಾಕಿ ನೋಡ್ರಿ, ದೊಡ್ಡದಲ್ಲ.

ನಾಳೆ ಮುಂಜಾನೆ ಗಾಡಿ ತಣ್ಣಗಿದ್ದಾಗ ಸ್ಟಿಕ್ಕರ್ ಹುಡುಕಿ, ಹವಾ ನೋಡಿಸ್ರಿ. ನಿಮ್ಮ ಗಾಡಿ ಅಲ್ಲಾಡತಿದ್ರ ಆ ಐದು ಪ್ರಶ್ನೆಗೆ ಉತ್ತರ ಬರದು ಮೆಕ್ಯಾನಿಕ್ ಕೈಗೆ ಕೊಡ್ರಿ, ಒಂದು ಕಾಪಿ ನನಗೂ ಕಳಿಸ್ರಿ. ಬಂದದ್ದರಾಗ ಉಳಿದಾವ್ರಿಗೂ ಉಪಯೋಗ ಆಗೂವಂಥವನ್ನ ಹೆಸರು ಹೇಳದ ಮುಂದಿನ ವಾರ ಓದ್ತೀನಿ. ಅಲ್ಲೀತನಕ ಸಾವಕಾಶ ಹೋಗ್ರಿ, ಸರಿಯಾಗಿ ಮನಿ ಮುಟ್ಟ್ರಿ.